ಏರಿಯಲ್ ತಂತಿ ಮತ್ತು ಅದರ ಜೋಡಣೆ: ಹವ್ಯಾಸಿ ರೇಡಿಯೋ ಚರಿತ್ರೆಯ ಒಂದು ಅಧ್ಯಾಯ

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ೧೯೩೫ನೆಯ ಇಸವಿ ಸೆಪ್ಟೆಂಬರ್ ೧೦ರಂದು ತಮ್ಮ ಮನೆಯಾದ 'ವಿಠ್ಠಲ ವಿಹಾರ'ದಿಂದ ಪ್ರಸಾರವನ್ನು ಆರಂಭಿಸಿದ ಸಂಗತಿ ಕನ್ನಡ ವಾಚಕರಿಗೆ ಹೊಸದಲ್ಲ. 'ಆಕಾಶವಾಣಿ' ಎಂಬ ಹೆಸರು ಆ ಮನೆಯಿಂದ ಹೊರಟು ಮುಂದೆ ಇಡೀ ದೇಶದ ಬಾನುಲಿಗೆ ಸಂದದ್ದೂ ಎಲ್ಲರಿಗೆ ತಿಳಿದದ್ದೇ. ಈ ವೃತ್ತಾಂತವನ್ನು ಹೇಳುವವರೆಲ್ಲರೂ ಅವರ ಪ್ರಸಾರಯಂತ್ರದ ಶಕ್ತಿ ಕೇವಲ ೩೦ ವ್ಯಾಟ್ ಎಂಬುದನ್ನು ತಪ್ಪದೆ ಹೇಳುತ್ತಾರೆ. ಮೂವತ್ತು ವ್ಯಾಟ್ ಎಂದರೆ ಒಂದು ಸಣ್ಣ ದೀಪಕ್ಕೆ ಸಾಲುವಷ್ಟು. ಆ ದೀಪದಷ್ಟು ಶಕ್ತಿಯನ್ನು ಯಂತ್ರದಿಂದ ಪಡೆದುಕೊಂಡು ಆಕಾಶಕ್ಕೆ ಒಪ್ಪಿಸಿದ ತಂತಿಯ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಈ ಮೌನ ಮೈಸೂರಿಗೆ ಮಾತ್ರ ಸಂಬಂಧಿಸಿದ್ದಲ್ಲ. ರೇಡಿಯೋದ ಚರಿತ್ರೆಯನ್ನು ಎಲ್ಲ ದೇಶಗಳಲ್ಲಿಯೂ ಯಂತ್ರಗಳ ಚರಿತ್ರೆಯನ್ನಾಗಿಯೇ ಬರೆದಿದ್ದಾರೆ. ಕಿಡಿಯ ಯಂತ್ರ ಹೋಯಿತು, ವಾಲ್ವ್ ಬಂದಿತು. ವಾಲ್ವ್ ಹೋಯಿತು, ಟ್ರಾನ್ಸಿಸ್ಟರ್ ಬಂದಿತು ಎಂಬ ಕ್ರಮದಲ್ಲಿ ಕಥೆ ಸಾಗುತ್ತದೆ. ಹವ್ಯಾಸಿಗಳು, ಅರ್ಥಾತ್ ಸಂಬಳಕ್ಕಲ್ಲದೆ ಪ್ರೀತಿಗಾಗಿ ಪರವಾನಗಿ ಪಡೆದು ರೇಡಿಯೋ ನಡೆಸುವವರು, ಪರಸ್ಪರ ಹೇಳಿಕೊಳ್ಳುವ ಮಾತು ಬೇರೆ. ಅವರಲ್ಲಿ ಹೊಸಬನಿಗೆ ಹಳಬನು ಮೊದಲು ಹೇಳುವುದು ತಂತಿಯ ವಿಚಾರ: ಎಷ್ಟು ಉದ್ದ ಕತ್ತರಿಸಬೇಕು, ಎಲ್ಲಿ ಕಟ್ಟಬೇಕು, ಕೇಬಲ್ಲಿಗೆ ಹೇಗೆ ಬೆಸೆಯಬೇಕು, ಮಳೆಯ ನೀರು ಒಳಹೋಗದಂತೆ ಏನು ಮಾಡಬೇಕು. ಈ ಉಪದೇಶಗಳನ್ನು ಚರಿತ್ರಕಾರರು ಕೈಕೆಲಸದ ಸಣ್ಣ ಮಾತೆಂದು ಬಿಟ್ಟುಬಿಟ್ಟಿದ್ದಾರೆ. ಇವುಗಳಲ್ಲಿ ಒಂದೊಂದರ ಹಿಂದೆಯೂ ಒಂದು ಘಟನೆಯಿದೆ, ಅನೇಕ ವೇಳೆ ಒಂದು ಸೋಲಿದೆ. ಆದುದರಿಂದ ಇವನ್ನು ಶಾಸನಗಳನ್ನು ಓದುವಂತೆಯೇ ಓದಬೇಕು, ಶಾಸನಗಳಂತೆಯೇ ಪರೀಕ್ಷಿಸಲೂಬೇಕು ಎಂಬುದು ನಮ್ಮ ಅಭಿಪ್ರಾಯ. ಅದನ್ನು ಕೆಲವು ನಿದರ್ಶನಗಳಿಂದ ತೋರಿಸಲು ಇಲ್ಲಿ ಯತ್ನಿಸುತ್ತೇವೆ.

'ಒಂದು ಕಂಬದ ಬಿಗಿತಂತಿಯನ್ನು ಇನ್ನೊಂದು ಕಂಬಕ್ಕೆ ಕಟ್ಟಬೇಡ. ಪ್ರತಿಯೊಂದನ್ನೂ ನೆಲಕ್ಕೇ ಕಟ್ಟು' ಎಂಬುದು ಹಳೆಯ ಮಾತು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಪೋಲ್ಧು ಎಂಬಲ್ಲಿ ಮಾರ್ಕೋನಿಯು ಅಟ್ಲಾಂಟಿಕ್ ಸಾಗರದಾಚೆಗೆ ಸಂಕೇತವನ್ನು ಕಳುಹಿಸುವ ಉದ್ದೇಶದಿಂದ ೨೦೦ ಅಡಿ ಎತ್ತರದ ೨೦ ಕಂಬಗಳನ್ನು ವೃತ್ತಾಕಾರವಾಗಿ ನಿಲ್ಲಿಸಿದ್ದನು. ಕಂಬಗಳ ತಲೆಗಳನ್ನು ಒಂದಕ್ಕೊಂದು ತಂತಿಯಿಂದ ಬಿಗಿದಿದ್ದರು. ೧೯೦೧ನೆಯ ಸೆಪ್ಟೆಂಬರ್ ೧೭ರ ಬಿರುಗಾಳಿಯಲ್ಲಿ ಆ ಇಡೀ ವೃತ್ತ ನೆಲಕಚ್ಚಿತು. ಒಂದರ ಪತನ ಎಲ್ಲವನ್ನೂ ಎಳೆದುಕೊಂಡಿತು. ಅಮೆರಿಕದ ಕೇಪ್ ಕಾಡ್‌ನಲ್ಲಿ ಇದೇ ಮಾದರಿಯಲ್ಲಿ ಕಟ್ಟಿದ್ದ ಕಂಬಗಳಿಗೂ ಆ ವರ್ಷದ ನವೆಂಬರಿನಲ್ಲಿ ಇದೇ ಗತಿಯಾಯಿತು. ಪೋಲ್ಧುವಿನಲ್ಲಿ ಕೊನೆಗೆ ಎರಡು ಕಂಬಗಳ ನಡುವೆ ಬೀಸಣಿಗೆಯಂತೆ ಹರಡಿದ ತಂತಿಗಳಿಂದಲೇ ಕೆಲಸ ಸಾಗಿಸಬೇಕಾಯಿತು.

ಆ ಡಿಸೆಂಬರ್ ೧೨ರಂದು ನ್ಯೂಫೌಂಡ್‌ಲೆಂಡಿನ ಸಿಗ್ನಲ್ ಹಿಲ್ ಬೆಟ್ಟದ ಮೇಲೆ ಮಾರ್ಕೋನಿ ಹಾರಿಸಿದ ಗಾಳಿಪಟ ಸುಮಾರು ೫೦೦ ಅಡಿ ತಂತಿಯನ್ನು ಎತ್ತಿಕೊಂಡು ಹೋಯಿತು. ಗಾಳಿಗೆ ಪಟ ಮೇಲೆ ಕೆಳಗೆ ಕುಣಿಯುತ್ತಿದ್ದುದರಿಂದ ಏರಿಯಲ್ಲಿನ ಗುಣವೂ ಕ್ಷಣಕ್ಷಣಕ್ಕೆ ಬದಲಾಯಿಸುತ್ತಿತ್ತು. ಶ್ರುತಿಗೂಡಿಸಿದ ಗ್ರಾಹಕ ಯಂತ್ರ ನಿಷ್ಪ್ರಯೋಜಕವಾಯಿತು. ಅವನು ಶ್ರುತಿಯಿಲ್ಲದ ಸಾದಾ ಗ್ರಾಹಕವನ್ನು ಹಿಡಿದು ಕಿವಿಗೊಟ್ಟು ಮೂರು ಚುಕ್ಕಿಗಳನ್ನು ಕೇಳಿದೆನೆಂದು ಹೇಳಿದನು. ನಿಜವಾಗಿ ಕೇಳಿದನೇ ಎಂಬ ಬಗ್ಗೆ ಮುಂದೆ ತಜ್ಞರಲ್ಲಿ ಸಂದೇಹ ಹುಟ್ಟಿತು. ಆ ವಾದವನ್ನು ಇಲ್ಲಿ ಬೆಳೆಸುವುದಿಲ್ಲ. ನಮಗೆ ಬೇಕಾದುದು ಇಷ್ಟು: ಅಲುಗುವ ತಂತಿ ಶ್ರುತಿಯಲ್ಲಿ ನಿಲ್ಲುವುದಿಲ್ಲ. ಇಂದಿಗೂ ಹವ್ಯಾಸಿಯು ತಂತಿಯ ಒಂದು ತುದಿಯನ್ನು ಮರಕ್ಕೆ ಕಟ್ಟುವಾಗ ಹಗ್ಗವನ್ನು ರಾಟೆಯ ಮೇಲೆ ಹಾಯಿಸಿ ಅದರ ಕೊನೆಗೆ ಕಲ್ಲು ತುಂಬಿದ ಬಕೆಟನ್ನು ತೂಗುಬಿಡುತ್ತಾನೆ. ಮರ ತೂಗಿದರೆ ಬಕೆಟ್ಟು ಏರಿಳಿಯುತ್ತದೆ. ತಂತಿ ಬಿಗಿಯಾಗಿಯೇ ಇರುತ್ತದೆ, ಹರಿಯುವುದೂ ಇಲ್ಲ.

೧೯೧೨ರಲ್ಲಿ ಅಮೆರಿಕದ ಸರ್ಕಾರ ಮಾಡಿದ ರೇಡಿಯೋ ಕಾನೂನು ಹವ್ಯಾಸಿಗಳನ್ನು ೨೦೦ ಮೀಟರು ಮತ್ತು ಅದಕ್ಕಿಂತ ಕಡಿಮೆ ತರಂಗಾಂತರಗಳಿಗೆ ಅಟ್ಟಿತು. ದೂರಸಂಪರ್ಕಕ್ಕೆ ಆ ಗಿಡ್ಡ ತರಂಗಗಳು ಬಾರವೆಂಬುದು ಆ ಕಾಲದ ತಿಳಿವಳಿಕೆ. ಬಂಜರು ಭೂಮಿಯನ್ನು ಬಡವನಿಗೆ ದಾನಮಾಡಿದ ಹಾಗೆ ಇದೂ ಒಂದು ದಾನ. ಆದರೆ ಹೀಗೆ ಕೊಟ್ಟವರಿಗೂ ಪಡೆದವರಿಗೂ ತಿಳಿಯದ ಒಂದು ಫಲ ಅದರಲ್ಲಿ ಅಡಗಿತ್ತು. ಏರಿಯಲ್ಲಿನ ಉದ್ದ ತರಂಗಾಂತರವನ್ನು ಅವಲಂಬಿಸುತ್ತದೆ. ೨೦೦ ಮೀಟರಿಗೆ ಅರ್ಧ ತರಂಗದ ತಂತಿ ೧೦೦ ಮೀಟರು ಬೇಕು. ೪೦ ಮೀಟರಿಗಾದರೆ ೨೦ ಮೀಟರು ಸಾಕು. ಅರಮನೆಯ ಅಂಗಳ ಬೇಕಾಗಿದ್ದ ಏರಿಯಲ್ ಮಧ್ಯಮ ವರ್ಗದವನ ಹಿತ್ತಿಲಿಗೆ ಬಂದದ್ದು ಹೀಗೆ.

ಆದರೂ ೧೯೨೧ರ ವೇಳೆಗೆ ಆ ನಂಬಿಕೆ ಇನ್ನೂ ಹುಟ್ಟಿರಲಿಲ್ಲ. ಆ ವರ್ಷದ ಫೆಬ್ರುವರಿಯಲ್ಲಿ ಅಮೆರಿಕದ ಹವ್ಯಾಸಿಗಳು ಸಾಗರದಾಚೆಗೆ ಸಂಕೇತ ಕಳುಹಿಸಲು ಮಾಡಿದ ಪ್ರಯತ್ನ ವಿಫಲವಾಯಿತು. ಅವರ ಸಂಘ ಇದಕ್ಕೆ ಮದ್ದಾಗಿ ಪಾಲ್ ಗಾಡ್ಲೆ ಎಂಬ ಪರಿಣತನನ್ನು ಬ್ರಿಟನ್ನಿಗೆ ಕಳುಹಿಸಿತು. ಡಿಸೆಂಬರಿನ ಚಳಿಯಲ್ಲಿ ಗಾಡ್ಲೆಯು ಸ್ಕಾಟ್ಲೆಂಡಿನ ಆರ್ಡ್ರಾಸನ್ ಎಂಬ ಕಡಲತೀರದ ಊರಿನ ಹೊರಗೆ ಬಯಲಿನಲ್ಲಿ ಡೇರೆ ಹಾಕಿ ಕುಳಿತನು. ಅವನ ಗ್ರಾಹಕ ಯಂತ್ರದ ವಾಲ್ವುಗಳ ವಿಚಾರವನ್ನು ಎಲ್ಲರೂ ಬರೆದಿದ್ದಾರೆ. ಡೇರೆಯಿಂದ ಹೊರಟು ನೆಲದ ಮೇಲೆ ಹನ್ನೆರಡು ಅಡಿ ಎತ್ತರದಲ್ಲಿ, ಸಣ್ಣ ಕಂಬಗಳ ಮೇಲೆ, ಸುಮಾರು ೧೩೦೦ ಅಡಿ ನೇರವಾಗಿ ಸಾಗಿದ್ದ ಒಂಟಿ ತಂತಿಯನ್ನು ನಾವು ಗಮನಿಸಬೇಕು. ಹೆರಾಲ್ಡ್ ಬೆವರೇಜ್ ಎಂಬ ಎಂಜಿನಿಯರು ಆಗತಾನೇ ರೂಪಿಸಿದ್ದ ಏರಿಯಲ್ ಅದು. ಎತ್ತರವಾಗಿರಬೇಕೆಂಬ ನಿಯಮವನ್ನೇ ಅದು ಮುರಿದಿತ್ತು. ತಾನು ಚಾಚಿಕೊಂಡ ದಿಕ್ಕಿನಿಂದ ಬರುವ ಸಂಕೇತವನ್ನು ಮಾತ್ರ ಹಿಡಿದು ಉಳಿದ ದಿಕ್ಕುಗಳ ಗದ್ದಲವನ್ನು ಹೊರಗಿಡುವುದು ಅದರ ಗುಣ. ಕನೆಕ್ಟಿಕಟ್ ಪ್ರಾಂತದ ಗ್ರೀನಿಚ್‌ನಲ್ಲಿ ಕೆಲವು ಹವ್ಯಾಸಿಗಳು ಸೇರಿ ಕಟ್ಟಿದ್ದ '೧ ಬಿ.ಸಿ.ಜಿ.' ಎಂಬ ನಿಲಯ ಕಳುಹಿಸಿದ ಪೂರ್ಣ ಸಂದೇಶವನ್ನು ಗಾಡ್ಲೆ ಆ ತಂತಿಯಿಂದ ಪಡೆದನು.

ಇಲ್ಲಿ ಚರಿತ್ರಕಾರನು ಅವಸರ ಪಡಬಾರದು. ಆ ರಾತ್ರಿಗಳಲ್ಲಿ ಬ್ರಿಟನ್ನಿನ ಕೆಲವು ಹವ್ಯಾಸಿಗಳು ಕೂಡ ತಮ್ಮ ತಮ್ಮ ಮನೆಗಳಲ್ಲಿ ಅಮೆರಿಕದ ಸಂಕೇತಗಳನ್ನು ಕೇಳಿದ್ದರು. ಅವರಲ್ಲಾರಿಗೂ ಅಷ್ಟುದ್ದದ ತಂತಿಯಿರಲಿಲ್ಲ. ಆದುದರಿಂದ ಜಯವನ್ನೆಲ್ಲ ಬೆವರೇಜನ ತಂತಿಗೇ ಕಟ್ಟಿಕೊಡುವುದು ಯಂತ್ರಕ್ಕೇ ಕಟ್ಟಿಕೊಡುವಷ್ಟೇ ಏಕಪಕ್ಷೀಯವಾದೀತು. ೧೯೨೩ರ ನವೆಂಬರಿನಲ್ಲಿ ಫ್ರಾನ್ಸಿನ ನೀಸ್ ನಗರದ ಲಿಯೋನ್ ಡೆಲಾಯ್ ಅಮೆರಿಕದ ಫ್ರೆಡ್ ಷ್ನೆಲ್ಲನೊಡನೆ ಸುಮಾರು ೧೦೦ ಮೀಟರಿನಲ್ಲಿ ಎರಡೂ ಕಡೆಯಿಂದ ಸಂಭಾಷಿಸಿದ್ದು, ೧೯೨೪ನೆಯ ಅಕ್ಟೋಬರ್ ೧೮ರಂದು ನ್ಯೂಜಿಲೆಂಡಿನ ಕುರಿಸಾಕಣೆಯ ಹೊಲದಿಂದ ಫ್ರಾಂಕ್ ಬೆಲ್ ಲಂಡನ್ನಿನ ಮಿಲ್ ಹಿಲ್ ಶಾಲೆಯಲ್ಲಿದ್ದ ಸೆಸಿಲ್ ಗಾಯ್ಡರನೊಡನೆ ಸಂಭಾಷಿಸಿದ್ದು, ಇವುಗಳ ನಂತರ ಗಿಡ್ಡ ತರಂಗವನ್ನು ಹಗುರವಾಗಿ ಕಾಣುವವರೇ ಉಳಿಯಲಿಲ್ಲ.

ಹಿತ್ತಿಲಿನ ತಂತಿಗೆ ಸಂಬಂಧಿಸಿದ ಲೆಕ್ಕ ಇದು: ೪೬೮ನ್ನು ಮೆಗಾಹರ್ಟ್ಸ್‌ಗಳಲ್ಲಿ ಹೇಳಿದ ಆವೃತ್ತಿಯಿಂದ ಭಾಗಿಸಿದರೆ ಅರ್ಧ ತರಂಗದ ಏರಿಯಲ್ಲಿನ ಉದ್ದ ಅಡಿಗಳಲ್ಲಿ ದೊರೆಯುತ್ತದೆ. ೭.೧ ಮೆಗಾಹರ್ಟ್ಸ್‌ಗೆ ಹೆಚ್ಚುಕಡಿಮೆ ೬೬ ಅಡಿ. ನಡುವೆ ಕತ್ತರಿಸಿದರೆ ಒಂದೊಂದು ಕೈ ೩೩ ಅಡಿ. ಬೆಳಕಿನ ವೇಗದಿಂದ ಲೆಕ್ಕ ಹಾಕಿದರೆ ೪೬೮ರ ಬದಲು ೪೯೨ ಬರಬೇಕು. ತಂತಿಯ ದಪ್ಪ, ತುದಿಯ ಅವಾಹಕ, ಸುತ್ತಣ ವಸ್ತುಗಳು ಸೇರಿ ಉಂಟುಮಾಡುವ ಪರಿಣಾಮಕ್ಕಾಗಿ ನೂರಕ್ಕೆ ಐದರಷ್ಟನ್ನು ಕಳೆದಿದ್ದಾರೆ. ಈ ಐದು ಎಲ್ಲ ಹಿತ್ತಿಲುಗಳಿಗೂ ಒಂದೇ ಅಲ್ಲವಾದುದರಿಂದ ಅನುಭವಿಗಳು ತಂತಿಯನ್ನು ಒಂದೆರಡು ಅಡಿ ಹೆಚ್ಚಿಗೆ ಕತ್ತರಿಸಿ, ಮೇಲೇರಿಸಿ ನೋಡಿ, ಆಮೇಲೆ ಇಷ್ಟಿಷ್ಟೇ ಮಡಿಚುತ್ತ ಬರುತ್ತಾರೆ. ಕತ್ತರಿಸಿದ ತಂತಿ ಬೆಳೆಯುವುದಿಲ್ಲವಷ್ಟೆ.

ಈ ಲೆಕ್ಕ ನಮ್ಮ ದೇಶದ ಒಂದು ಗಂಭೀರ ಪ್ರಸಂಗವನ್ನು ಬೇರೊಂದು ಬೆಳಕಿನಲ್ಲಿ ಕಾಣಿಸುತ್ತದೆ. ಎರಡನೆಯ ಮಹಾಯುದ್ಧ ಆರಂಭವಾದೊಡನೆ ಭಾರತದ ಹವ್ಯಾಸಿಗಳ ಪರವಾನಗಿಗಳು ರದ್ದಾದುವು. ೧೯೪೨ರ ಆಗಸ್ಟಿನಿಂದ ನವೆಂಬರಿನವರೆಗೆ ಉಷಾ ಮೆಹತಾ ಮತ್ತು ಅವರ ಸಂಗಡಿಗರು ಮುಂಬಯಿಯಲ್ಲಿ ಗುಪ್ತವಾಗಿ ನಡೆಸಿದ ಕಾಂಗ್ರೆಸ್ ರೇಡಿಯೋ ೪೨.೩೪ ಮೀಟರಿನಲ್ಲಿ ಮಾತನಾಡುತ್ತಿತ್ತು. ಪೊಲೀಸರ ಕಣ್ತಪ್ಪಿಸಲು ಅವರು ನಿಲಯವನ್ನು ಮನೆಯಿಂದ ಮನೆಗೆ ಸಾಗಿಸಿದ ಸಾಹಸವನ್ನು ಎಲ್ಲರೂ ಹೊಗಳುತ್ತಾರೆ. ಯಂತ್ರವನ್ನು ಪೆಟ್ಟಿಗೆಯಲ್ಲಿಟ್ಟು ಸಾಗಿಸಬಹುದು. ಆ ತರಂಗಾಂತರಕ್ಕೆ ಅರ್ಧ ತರಂಗವೆಂದರೆ ೨೧ ಮೀಟರು. ಪೂರ್ತಿ ಅಷ್ಟುದ್ದವಿಲ್ಲದಿದ್ದರೂ ತಂತಿಯೆಂಬುದು ಹೊರಗೆ, ಎತ್ತರದಲ್ಲಿ, ಕಾಣುವಂತೆ ಇರಬೇಕಾದ ವಸ್ತು. ಮನೆ ಬದಲಾಯಿಸಿದಾಗಲೆಲ್ಲ ಅದನ್ನು ಹೊಸದಾಗಿ ಕಟ್ಟಿ ಶ್ರುತಿಗೂಡಿಸಬೇಕಾಗಿದ್ದುದನ್ನು ನೆನೆದರೆ ಆ ತರುಣ ತರುಣಿಯರ ಧೈರ್ಯದ ಅಳತೆ ಇನ್ನಷ್ಟು ಚೆನ್ನಾಗಿ ತಿಳಿಯುತ್ತದೆ.

ತಂತಿಯ ಉದ್ದ ತಿಳಿದ ಮೇಲೆ ಅದಕ್ಕೂ ಮನೆಯೊಳಗಿನ ಯಂತ್ರಕ್ಕೂ ಸಂಬಂಧ ಕಲ್ಪಿಸುವ ಪ್ರಶ್ನೆ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ಹವ್ಯಾಸಿ ಚರಿತ್ರೆಯ ಅತ್ಯಂತ ಕುತೂಹಲಕರವಾದ ಭಾಗ ಇದೇ. ಅರ್ಧ ತರಂಗದ ತಂತಿಯ ತುದಿಗಳಲ್ಲಿ ವಿದ್ಯುತ್ತಿನ ಒತ್ತಡ ಹೆಚ್ಚು, ನಡುವೆ ಪ್ರವಾಹ ಹೆಚ್ಚು. ತುದಿಗಳಿಗೆ ಪಿಂಗಾಣಿ ಅಥವಾ ಗಾಜಿನ ಅವಾಹಕ ಬೇಕೆಂದೂ ನಡುವಣ ಜೋಡಣೆಗೆ ಒಳ್ಳೆಯ ಬೆಸುಗೆ ಬೇಕೆಂದೂ ಹೇಳುವುದಕ್ಕೆ ಇದೇ ಕಾರಣ. ತುದಿಯ ಒತ್ತಡ ಎಂಥದೆಂಬುದಕ್ಕೆ ಈಕ್ವಡಾರ್ ದೇಶದ ಕೀಟೊ ನಗರದ ಎಚ್.ಸಿ.ಜೆ.ಬಿ. ನಿಲಯದ ಪ್ರಸಂಗ ಸಾಕ್ಷಿ. ಸಮುದ್ರಮಟ್ಟದಿಂದ ಒಂಬತ್ತು ಸಾವಿರ ಅಡಿಗೂ ಮೇಲಿರುವ ಆ ಊರಿನ ತೆಳುಗಾಳಿಯಲ್ಲಿ ಏರಿಯಲ್ಲಿನ ತುದಿಗಳಿಂದ ಕಿಡಿ ಹೊಮ್ಮಿ ಅಲ್ಯೂಮಿನಿಯಂ ಕರಗಿ ಉದುರುತ್ತಿತ್ತು. ೧೯೪೦ರ ದಶಕದ ಆದಿಯಲ್ಲಿ ಕ್ಲಾರೆನ್ಸ್ ಮೂರ್ ಎಂಬ ಎಂಜಿನಿಯರು ತುದಿಯೇ ಇಲ್ಲದಂತೆ ತಂತಿಯನ್ನು ಚೌಕವಾಗಿ ಸುತ್ತಿ ಈ ಪೀಡೆಯನ್ನು ಕಳೆದನು. ಇಂದು ಹವ್ಯಾಸಿಗಳು 'ಕ್ವಾಡ್' ಎಂದು ಕರೆಯುವ ಏರಿಯಲ್ ಅದು.

ಯಂತ್ರಕ್ಕೆ ಸಂಬಂಧ ಕಲ್ಪಿಸಲು ಮೊದಲು ಬಳಕೆಗೆ ಬಂದ ಉಪಾಯಗಳಲ್ಲಿ ಒಂದು ಆಕಾಶನೌಕೆಯಿಂದ ಬಂದುದು. ಹಾನ್ಸ್ ಬೆಗೆರೊ ಎಂಬ ಜರ್ಮನನು ೧೯೦೯ರಲ್ಲಿ ಪೇಟೆಂಟ್ ಪಡೆದ, ಝೆಪೆಲಿನ್ ನೌಕೆಗಳ ಕೆಳಗೆ ಇಳಿಬಿಡುತ್ತಿದ್ದ ತಂತಿಯನ್ನು ಹವ್ಯಾಸಿಗಳು ಅಡ್ಡಲಾಗಿಸಿ ಹಿತ್ತಿಲಿನಲ್ಲಿ ಕಟ್ಟಿ 'ಝೆಪ್' ಎಂದು ಕರೆದರು. ಸಮಾನಾಂತರವಾಗಿ ಸಾಗುವ ಎರಡು ತಂತಿಗಳು ಅದರ ತುದಿಗೆ ಶಕ್ತಿಯನ್ನು ಒಯ್ಯುತ್ತವೆ. ಒಂದರ ಪ್ರವಾಹ ಇನ್ನೊಂದರದಕ್ಕೆ ವಿರುದ್ಧವಾದ ಕಾರಣ ದಾರಿಯಲ್ಲಿ ಶಕ್ತಿ ಸೋರುವುದು ತೀರ ಕಡಿಮೆ. ಅಂತರ ಕಾಯಲು ನಡುನಡುವೆ ಮರದ ಕಡ್ಡಿಗಳನ್ನು ಮೇಣದಲ್ಲಿ ಕುದಿಸಿ ಸೇರಿಸುತ್ತಿದ್ದರು. ಮೇಣ ಕುಡಿದ ಮರ ಮಳೆನೀರನ್ನು ಕುಡಿಯುವುದಿಲ್ಲ. ಇನ್ನೂ ಸುಲಭವಾದುದನ್ನು ೧೯೨೯ರಲ್ಲಿ ಲೋರೆನ್ ವಿಂಡಮ್ ಪ್ರಚುರಪಡಿಸಿದನು: ಅರ್ಧ ತರಂಗದ ತಂತಿಯ ನಡುಭಾಗದಿಂದ ತುಸು ಪಕ್ಕಕ್ಕೆ ಒಂದೇ ತಂತಿಯನ್ನು ಬೆಸೆದು ಯಂತ್ರಕ್ಕೆ ಇಳಿಸುವುದು. ತಾಮ್ರದ ಖರ್ಚು ಅರ್ಧವಾಯಿತು. ಆದರೆ ಒಂಟಿ ತಂತಿಗೆ ನೆಲವೇ ಜೊತೆಗಾರ. ಭೂಸಂಪರ್ಕ ಕೆಟ್ಟದ್ದಾದರೆ ಶಕ್ತಿ ಮನೆಯೊಳಗೇ ತಿರುಗಾಡುತ್ತದೆ, ಮೈಕಿಗೆ ತುಟಿ ತಾಗಿದಾಗ ಚುರುಕು ಮುಟ್ಟುತ್ತದೆ. ಅಗ್ಗದ ಉಪಾಯದ ಬೆಲೆಯನ್ನು ಬಳಕೆದಾರ ಹೀಗೆ ತುಟಿಯಲ್ಲಿ ತೆತ್ತನು.

ಏಕಾಕ್ಷ ಕೇಬಲ್, ಅಂದರೆ ಒಂದು ತಂತಿಯನ್ನು ಇನ್ನೊಂದು ಕೊಳವೆಯೊಳಗೆ ಹುದುಗಿಸಿದ ಕೋಯಾಕ್ಸಿಯಲ್ ಕೇಬಲ್, ಹೊಸ ಕಲ್ಪನೆಯೇನಲ್ಲ. ಆಲಿವರ್ ಹೆವಿಸೈಡ್ ೧೮೮೦ರಲ್ಲಿಯೇ ಅದಕ್ಕೆ ಪೇಟೆಂಟ್ ಪಡೆದಿದ್ದನು. ಅಮೆರಿಕದ ಎಸ್ಪೆನ್‌ಶೀಡ್ ಮತ್ತು ಅಫೆಲ್ ಎಂಬಿಬ್ಬರು ೧೯೨೯ರಲ್ಲಿ ಅದನ್ನು ದೂರವಾಣಿಗೆ ಹೊಂದಿಸಿದರು. ಆದರೆ ಬಗ್ಗುವ, ಅಗ್ಗದ, ನೀರಿಗಂಜದ ಅವಾಹಕವಿಲ್ಲದೆ ಅದು ಹವ್ಯಾಸಿಯ ಕೈಗೆ ಬರುವಂತಿರಲಿಲ್ಲ. ೧೯೩೩ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪನಿಯ ಪ್ರಯೋಗಶಾಲೆಯಲ್ಲಿ ಗಿಬ್ಸನ್ ಮತ್ತು ಫಾಸೆಟ್ ಎಂಬ ರಸಾಯನಶಾಸ್ತ್ರಜ್ಞರಿಗೆ ಬೇರೇನನ್ನೋ ಹುಡುಕುತ್ತಿದ್ದಾಗ ಮೇಣದಂಥ ಬಿಳಿ ವಸ್ತುವೊಂದು ದೊರೆಯಿತು. ಅದೇ ಪಾಲಿಥೀನ್. ಯುದ್ಧ ಬಂದಿತು, ರೇಡಾರ್‌ಗೆ ಕೇಬಲ್ ಬೇಕಾಯಿತು, ಪಾಲಿಥೀನ್ ಕೇಬಲ್ ರಾಶಿರಾಶಿಯಾಗಿ ತಯಾರಾಯಿತು. ಯುದ್ಧ ಮುಗಿದ ಮೇಲೆ ಮಿಕ್ಕಿದ ಸಾಮಾನು ಅಂಗಡಿಗಳಿಗೆ ಬಂದು ಹವ್ಯಾಸಿಗಳ ಪಾಲಾಯಿತು. ಆರ್.ಜಿ. ೮, ಆರ್.ಜಿ. ೫೮ ಎಂಬ ಸೈನ್ಯದ ಪಟ್ಟಿಯ ಹೆಸರುಗಳೇ ಇಂದಿಗೂ ಅಂಗಡಿಯಲ್ಲಿ ನಡೆಯುತ್ತವೆ.

ಕೇಬಲ್ಲಿಗೆ ತೊಡಿಸುವ ಪಿ.ಎಲ್. ೨೫೯ ಎಂಬ ಪ್ಲಗ್ಗಿನ ಕಥೆಯೂ ಇಂಥದೇ. ೧೯೩೦ರ ದಶಕದ ಕೊನೆಯಲ್ಲಿ ಆಂಫೆನಾಲ್ ಕಂಪನಿಯ ಕ್ವಾಕೆನ್‌ಬುಷ್ ಅದನ್ನು ರೂಪಿಸಿದಾಗ ೩೦ ಮೆಗಾಹರ್ಟ್ಸ್‌ಗೆ ಮೀರಿದ್ದೆಲ್ಲ 'ಅತ್ಯುಚ್ಚ ಆವೃತ್ತಿ' ಎನಿಸುತ್ತಿತ್ತು; ಆದ್ದರಿಂದ ಅದಕ್ಕೆ 'ಯು.ಎಚ್.ಎಫ್. ಪ್ಲಗ್' ಎಂದು ಹೆಸರಾಯಿತು. ಇಂದು ಯು.ಎಚ್.ಎಫ್. ಎಂದು ಕರೆಯುವ ಆವೃತ್ತಿಗಳಿಗೆ ಆ ಪ್ಲಗ್ಗು ತಕ್ಕದ್ದಲ್ಲ; ಅಲ್ಲಿಗೆ ಬೆಲ್ ಪ್ರಯೋಗಶಾಲೆಯ ಪಾಲ್ ನೀಲ್ ರೂಪಿಸಿದ 'ಎನ್' ಪ್ಲಗ್ಗು ಬೇಕು. ಕೆರೆ ಬತ್ತಿ ಎಷ್ಟೋ ಕಾಲವಾದರೂ ಬಡಾವಣೆಗೆ ಕೆರೆಯ ಹೆಸರೇ ಉಳಿಯುವುದನ್ನು ನಮ್ಮ ನಗರಗಳಲ್ಲಿ ಕಂಡವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ.

ಈ ಪ್ಲಗ್ಗನ್ನು ಬೆಸೆಯುವ ಕ್ರಮವನ್ನು ಕುರಿತು ಎರಡು ಮಾತು ಹೇಳದಿರಲಾರೆವು. ತಾಮ್ರದ ಜಾಲರಿಯನ್ನು ಪ್ಲಗ್ಗಿನ ನಾಲ್ಕು ರಂಧ್ರಗಳ ಮೂಲಕ ಬೆಸೆಯಬೇಕು. ಸಣ್ಣ ಕಾವಿನ ಬೆಸುಗೆಕಡ್ಡಿ ಹಿಡಿದು ತಡಕಾಡಿದರೆ ಬೆಸುಗೆ ಹತ್ತುವ ಮೊದಲೇ ಒಳಗಿನ ಪಾಲಿಥೀನ್ ಕರಗುತ್ತದೆ. ದೊಡ್ಡ ಕಡ್ಡಿ, ಬೇಗ ಕೆಲಸ, ರಾಳದ ಬೆಸುಗೆ ಎಂಬುದು ಕ್ರಮ. ಆಮ್ಲದ ಬೆಸುಗೆ ತಾಮ್ರವನ್ನು ತಿನ್ನುತ್ತದೆ. ಎಲ್ಲಕ್ಕೂ ಮೊದಲು ಹೊರಗಿನ ತಿರುಗುಬಳೆಯನ್ನು ಕೇಬಲ್ಲಿಗೆ ಪೋಣಿಸಿಕೊಂಡಿರಬೇಕು. ಅಂದವಾಗಿ ಬೆಸೆದು ಮುಗಿಸಿದ ಮೇಲೆ ಬಳೆ ಮೇಜಿನ ಮೇಲೆಯೇ ಉಳಿದಿರುವುದನ್ನು ಕಂಡು ಪೆಚ್ಚಾಗದ ಹವ್ಯಾಸಿ ಇಲ್ಲ. ನಾವೂ ಆ ಪಂಕ್ತಿಯವರೇ.

ಇದಕ್ಕಿಂತ ದೊಡ್ಡ ಶತ್ರು ಮಳೆ. ಕೇಬಲ್ಲಿನ ಜಾಲರಿ ದೀಪದ ಬತ್ತಿಯಂತೆ. ಒಂದು ತುದಿಯಲ್ಲಿ ನೀರು ಸಿಕ್ಕಿದರೆ ಗಜಗಟ್ಟಲೆ ಹೀರಿಕೊಳ್ಳುತ್ತದೆ. ಒಂದು ಮಳೆಗಾಲದಲ್ಲಿ ನಮ್ಮ ಮನೆಯ ಮೇಲಿನ ಏರಿಯಲ್ಲಿನಿಂದ ಬರುವ ಸಂಕೇತಗಳು ದಿನದಿನಕ್ಕೆ ಕ್ಷೀಣಿಸಿದುವು. ಅಳತೆಯ ಮೀಟರು ಎಲ್ಲವೂ ಸರಿಯಾಗಿದೆ, ಮೊದಲಿಗಿಂತಲೂ ಚೆನ್ನಾಗಿದೆ ಎಂದು ತೋರಿಸುತ್ತಿದ್ದುದರಿಂದ ಮೂರು ವಾರ ಗ್ರಾಹಕ ಯಂತ್ರವನ್ನೇ ಬಯ್ದೆವು. ಕೊನೆಗೆ ಮೇಲೇರಿ ಪ್ಲಗ್ಗನ್ನು ಬಿಚ್ಚಿದಾಗ ತಾಮ್ರ ಹಸುರಾಗಿತ್ತು. ಕೇಬಲ್ಲನ್ನು ಸೀಳಿದರೆ ಎರಡಡಿಯವರೆಗೆ ಜಾಲರಿ ಕಪ್ಪಾಗಿತ್ತು. ಜೋಡಣೆಗೆ ಪಟ್ಟಿ ಸುತ್ತಿದ್ದೆವು, ಆದರೆ ಮೇಲಿನಿಂದ ಕೆಳಕ್ಕೆ ಸುತ್ತಿದ್ದೆವು. ಕೆಳಗಿನಿಂದ ಮೇಲಕ್ಕೆ ಸುತ್ತಬೇಕು. ಆಗ ಮಂಗಳೂರು ಹೆಂಚಿನ ಮಾಡಿನಂತೆ ಮೇಲಿನ ಪದರ ಕೆಳಗಿನದನ್ನು ಮುಚ್ಚಿ ನೀರು ಜಾರುತ್ತದೆ. ಮನೆಯೊಳಗೆ ಹೋಗುವ ಮುನ್ನ ಕೇಬಲ್ಲನ್ನು ಒಮ್ಮೆ ಕೆಳಕ್ಕೆ ಬಾಗಿಸಿ ಮೇಲಕ್ಕೊಯ್ದರೆ ನೀರು ಆ ಬಾಗಿನಲ್ಲಿಯೇ ತೊಟ್ಟಿಕ್ಕಿ ಹೋಗುತ್ತದೆ.

ಮೀಟರು ಸುಳ್ಳು ಹೇಳಿದ್ದೇಕೆ? ಇಲ್ಲಿ ಹವ್ಯಾಸಿ ಲೋಕದ ಒಂದು ದೊಡ್ಡ ವಿವಾದ ಎದುರಾಗುತ್ತದೆ. ಕೇಬಲ್ಲಿಗೂ ಏರಿಯಲ್ಲಿಗೂ ಇಂಪಿಡೆನ್ಸ್, ಅಂದರೆ ಪ್ರವಾಹಕ್ಕೆ ಅವು ಒಡ್ಡುವ ಅಡ್ಡಿಯ ಪ್ರಮಾಣ, ಹೊಂದದಿದ್ದರೆ ಶಕ್ತಿಯ ಒಂದು ಪಾಲು ಹಿಂದಿರುಗಿ ಬರುತ್ತದೆ. ಈ ಹೊಂದಾಣಿಕೆಯನ್ನು ಅಳೆಯುವ ಮಾನ 'ಎಸ್.ಡಬ್ಲ್ಯು.ಆರ್.' ಎಂಬುದು. ಕೇಬಲ್ಲುಗಳೊಡನೆ ಅಗ್ಗದ ಮೀಟರುಗಳೂ ಬಂದಮೇಲೆ ಈ ಸಂಖ್ಯೆಯನ್ನು ಒಂದಕ್ಕೊಂದು ಎಂಬಲ್ಲಿಗೆ ಇಳಿಸುವುದೇ ಪುರುಷಾರ್ಥವೆಂದು ಎಷ್ಟೋ ಮಂದಿ ನಂಬಿದರು. ಉಪಗ್ರಹಗಳ ಏರಿಯಲ್ಲುಗಳಲ್ಲಿ ದುಡಿದಿದ್ದ ವಾಲ್ಟರ್ ಮ್ಯಾಕ್ಸ್‌ವೆಲ್ ೧೯೭೩ರಿಂದ 'ಕ್ಯೂ.ಎಸ್.ಟಿ.' ಪತ್ರಿಕೆಯಲ್ಲಿ ಬರೆದ ಲೇಖನಮಾಲೆಯಲ್ಲಿ ಇದನ್ನು ಖಂಡಿಸಿದನು. ಮೂರಕ್ಕೊಂದರ ಪ್ರಮಾಣದಲ್ಲಿ ನೂರಕ್ಕೆ ೨೫ರಷ್ಟು ಶಕ್ತಿ ಹಿಂದಿರುಗುವುದು ನಿಜ. ಆದರೆ ಶ್ರುತಿ ಸರಿಯಾಗಿದ್ದಲ್ಲಿ ಅದು ಯಂತ್ರದ ಕಡೆಯಿಂದ ಮತ್ತೆ ಪ್ರತಿಫಲಿಸಿ ಏರಿಯಲ್ಲಿಗೇ ಹೋಗುತ್ತದೆ. ಕಳೆದುಹೋಗುವುದು ಕೇಬಲ್ಲಿನೊಳಗೆ ಕಾವಾಗಿ ಸುಡುವ ಭಾಗ ಮಾತ್ರ. ಕೇಬಲ್ಲು ಒಳ್ಳೆಯದಾಗಿ ಆವೃತ್ತಿ ಕಡಿಮೆಯಾಗಿದ್ದರೆ ಅದು ಅತ್ಯಲ್ಪ. ಇದಕ್ಕೆ ಬದಲಾಗಿ ೧೪೪ ಮೆಗಾಹರ್ಟ್ಸ್‌ನಲ್ಲಿ ೧೦೦ ಅಡಿ ಆರ್.ಜಿ. ೫೮ ಬಳಸಿದರೆ ಹೊಂದಾಣಿಕೆ ಪೂರ್ಣವಾಗಿದ್ದರೂ ಏರಿಯಲ್ಲನ್ನು ತಲುಪುವುದು ಸುಮಾರು ಕಾಲುಪಾಲು ಶಕ್ತಿ. ನೀರು ಕುಡಿದ ಕೇಬಲ್ಲು ಹೋಗುವ ಶಕ್ತಿಯನ್ನೂ ಹಿಂದಿರುಗುವ ಶಕ್ತಿಯನ್ನೂ ನುಂಗಿಬಿಡುತ್ತದೆ. ಹಿಂದಿರುಗಿದ್ದೇ ಇಲ್ಲವೆಂದು ಮೀಟರು ಸಂತೋಷಪಡುತ್ತದೆ. ನಮ್ಮ ಮೂರು ವಾರ ಹೋದದ್ದು ಹೀಗೆ.

ಮ್ಯಾಕ್ಸ್‌ವೆಲ್ಲನ ವಾದ ಗೆದ್ದಿತೆಂದರೂ ನಿಯಮ ಸಾಯಲಿಲ್ಲ. ವಾಲ್ವುಗಳ ಸ್ಥಾನಕ್ಕೆ ಬಂದ ಟ್ರಾನ್ಸಿಸ್ಟರ್ ಯಂತ್ರಗಳು ಹೊಂದಾಣಿಕೆ ಕೆಟ್ಟೊಡನೆ ತಮ್ಮ ರಕ್ಷಣೆಗಾಗಿ ಶಕ್ತಿಯನ್ನು ತಾವೇ ಇಳಿಸಿಕೊಳ್ಳುವಂತೆ ರಚಿತವಾದುವು. ಹೀಗೆ ಒಂದು ತಪ್ಪು ಕಾರಣಕ್ಕಾಗಿ ಬೆಳೆದ ನಿಯಮಕ್ಕೆ ಬೇರೊಂದು ಸರಿಯಾದ ಕಾರಣ ದೊರೆಯಿತು. ಮಾತು ಅದೇ, ಅರ್ಥ ಬೇರೆ. ಮೌಖಿಕ ಪರಂಪರೆಯನ್ನು ಆಧಾರವಾಗಿ ಬಳಸುವವರು ಇದನ್ನು ನೆನಪಿನಲ್ಲಿಡತಕ್ಕದ್ದು.

ಯಂತ್ರಗಳು ಇಂದು ಅಂಗಡಿಯಿಂದ ಸಿದ್ಧವಾಗಿ ಬರುತ್ತವೆ. ತಂತಿಯನ್ನು ಮಾತ್ರ ಇಂದಿಗೂ ಕೈಯಿಂದಲೇ ಕಟ್ಟುತ್ತಾರೆ. ೨೦೦೧ರ ಭುಜ್ ಭೂಕಂಪದಲ್ಲಿ ಹವ್ಯಾಸಿಗಳು ನೆರವಿಗೆ ಹೋದಾಗಲೂ, ೨೦೦೪ರ ಡಿಸೆಂಬರಿನಲ್ಲಿ ಅಂಡಮಾನಿಗೆ ಹೋಗಿದ್ದ ಭಾರತಿ ಪ್ರಸಾದರ ಹವ್ಯಾಸಿ ತಂಡ ಸುನಾಮಿಯ ನಡುವೆ ಪೋರ್ಟ್ ಬ್ಲೇರಿನಿಂದ ಸುದ್ದಿ ಸಾಗಿಸಿದಾಗಲೂ ಸುದ್ದಿ ಹೊರಬಿದ್ದುದು ತಂತಿಯ ಮೂಲಕವೇ. ಇಂಥ ಕೈಕೆಲಸದ ದಾಖಲೆ ಮುದ್ರಿತ ಗ್ರಂಥಗಳಲ್ಲಿ ದೊರೆಯುವುದು ಅಪೂರ್ವ. ಅದು ದೊರೆಯುವುದು ಹವ್ಯಾಸಿಗಳು ನಿಯಮಾನುಸಾರ ಬರೆದಿಡುವ ನಿಲಯದ ದಿನಚರಿ ಪುಸ್ತಕಗಳಲ್ಲಿ, ಅವುಗಳ ಅಂಚಿನಲ್ಲಿ ಪೆನ್ಸಿಲಿನಿಂದ ಗೀಚಿದ ತಂತಿಯ ಅಳತೆಗಳಲ್ಲಿ, ಸಂಪರ್ಕವಾದ ಮೇಲೆ ಪರಸ್ಪರ ಕಳುಹಿಸಿಕೊಂಡ ಕಾರ್ಡುಗಳ ಮೂಲೆಯಲ್ಲಿ 'ಏರಿಯಲ್' ಎಂಬ ಶಬ್ದದ ಮುಂದೆ ತುಂಬಿದ ಒಂದು ಸಾಲಿನಲ್ಲಿ. ಹಿರಿಯ ಹವ್ಯಾಸಿ ತೀರಿಕೊಂಡ ಮನೆಯಲ್ಲಿ ಯಂತ್ರಕ್ಕೆ ಗಿರಾಕಿ ಸಿಗುತ್ತಾನೆ, ಪುಸ್ತಕ ರದ್ದಿಗೆ ಹೋಗುತ್ತದೆ. ಮೈಸೂರು, ಬೆಂಗಳೂರು, ಮಂಗಳೂರು, ಹುಬ್ಬಳ್ಳಿ ಮುಂತಾದೆಡೆಗಳ ವಾಚಕರಲ್ಲಿ ಯಾರ ಮನೆಯಲ್ಲಾದರೂ ಅಂಥ ದಿನಚರಿಗಳೋ ಕಾರ್ಡುಗಳೋ ಇದ್ದಲ್ಲಿ ಅವನ್ನು ವಿಲೇವಾರಿ ಮಾಡುವ ಮೊದಲು ನಮ್ಮ ವಿಭಾಗಕ್ಕೆ ಒಂದು ಪತ್ರ ಬರೆಯಬೇಕೆಂದು ಕೋರುತ್ತೇವೆ. ಅಂಚಿನ ಟಿಪ್ಪಣಿಗಳಿರುವ ಪುಟಗಳನ್ನು ನಕಲು ಮಾಡಿಕೊಂಡು ಮೂಲವನ್ನು ಹಿಂದಿರುಗಿಸುತ್ತೇವೆ.